ಹುಡುಗರ ಜೊತೆ ಕ್ರಿಕೆಟ್ ಆಡೋದು ಬಿಡಿಸ್ಬೇಕಾ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಸ್ಕೂಲಿಂದ ಬಂದವಳೇ ಬ್ಯಾಗ್ ಜಗಲಿ ಮೇಲೆ ಎಸೆದು ಅಡಿಕೆ ಒಣಗಿಸೋ ಅಂಗಳದಲ್ಲಿ ಅಕ್ಕಪಕ್ಕದ ಹುಡುಗರ ಜೊತೆ ಕ್ರಿಕೆಟ್ಟು. ಬೌಲಿಂಗ್ ಚೆನ್ನಾಗಿ ಹಾಕ್ತಾಳೆ ಅಂತ ಅವರೇ ಬಂದು ಕರೀತಾರೆ. ಆದ್ರೆ ನಮ್ಮತ್ತೆ "ಇನ್ನೇನು ದೊಡ್ಡೋಳಾಗ್ತಾಳೆ, ಗಂಡು ಹುಡುಗರ ಜೊತೆ ಆಡಿದ್ದು ಸಾಕು, ಬಿಸಿಲಿಗೆ ಕಪ್ಪಾಗಿದಾಳೆ" ಅಂತ ದಿನಾ ಹೇಳ್ತಾರೆ. ಯಜಮಾನ್ರು ಬಾಯೇ ಬಿಡಲ್ಲ. ಏನು ಮಾಡ್ಲಿ?

ಉತ್ತರ: ಬಿಡಿಸ್ಬೇಡಿ ಅಮ್ಮ, ದಯವಿಟ್ಟು. ಈ ವಯಸ್ಸಲ್ಲಿ ಹುಡುಗ ಹುಡುಗಿ ಮೈಶಕ್ತಿಯಲ್ಲಿ ದೊಡ್ಡ ವ್ಯತ್ಯಾಸ ಇರಲ್ಲ, ಹುಡುಗರಿಗೆ ಮೀಸೆ ಬರೋ ಹೊತ್ತಿಗೆ ಹಾರ್ಮೋನಿಂದ ಮಾಂಸಖಂಡ ಬೆಳೆದು ಅದು ಶುರುವಾಗೋದು, ಅಲ್ಲೀವರೆಗೆ ಅವರ ಬಾಲ್ ಎದುರಿಸಿ ಆಡಿದ್ದೆಲ್ಲ ಇವಳಿಗೆ ಲಾಭಾನೇ. ಹರಿಯಾಣದ ರೋಹ್ಟಕ್‌ನಲ್ಲಿ ಶಫಾಲಿ ವರ್ಮಾನ ಹುಡುಗಿ ಅಂತ ಕೋಚಿಂಗಿಗೆ ಸೇರಿಸ್ಕೊಳ್ಳದೆ ಇದ್ದಾಗ ಆ ಮಗು ತಲೆಕೂದಲು ಕತ್ತರಿಸ್ಕೊಂಡು ಹುಡುಗನ ಥರ ಹೋಗಿ ಆಡಿತ್ತು. ಅದೇ ಹುಡುಗಿ 2025ರ ವರ್ಲ್ಡ್ ಕಪ್ ಫೈನಲಲ್ಲಿ 87 ರನ್ ಹೊಡೆದು 2 ವಿಕೆಟ್ಟೂ ತೆಗೆದ್ಲು, ನಾವು ಕಪ್ ಗೆದ್ವಿ. ನಿಮ್ಮ ಮಗಳನ್ನ ಹುಡುಗರೇ ಕರೀತಿದಾರೆ ಅಂದ್ರೆ ಅವಳ ದಾರಿ ಅಷ್ಟು ಸುಲಭ ಆಗಿದೆ ಅಂತ ನನಗೆ ತುಂಬ ಖುಷಿ ಆಯ್ತು.

ಅತ್ತೆಯವರಿಗೆ ದೂರದ ಉದಾಹರಣೆ ಬೇಡ, ಕಡೂರಿನ ವೇದಾ ಕೃಷ್ಣಮೂರ್ತಿ ಬಗ್ಗೆ ಹೇಳಿ, 2017ರ ವರ್ಲ್ಡ್ ಕಪ್ಪಲ್ಲಿ ನ್ಯೂಜಿಲೆಂಡ್ ಮೇಲೆ 45 ಬಾಲಿಗೆ 70 ಹೊಡೆದೋರು, ನಮ್ಮ ಮಗ್ಗುಲ ಜಿಲ್ಲೆಯೋರೇ. ಮುಟ್ಟಾದ್ಮೇಲೆ ಆಟ ನಿಲ್ಲಿಸ್ಬೇಕು ಅನ್ನೋದಕ್ಕೆ ಯಾವ ಕಾರಣಾನೂ ಇಲ್ಲ, ಹೊಟ್ಟೆನೋವು ಜಾಸ್ತಿ ಇದ್ದ ದಿನ ಮಲಗಲಿ ಅಷ್ಟೇ. ಕಪ್ಪಾಗೋ ಮಾತಿಗೆ ಟೋಪಿ ಒಂದು ಕೊಡ್ಸಿ.

ನಿಜವಾದ ತೊಂದ್ರೆ ಬೇರೆ ಇದೆ. ಟೆನಿಸ್ ಬಾಲಲ್ಲೇ ಹದಿನೈದು ವರ್ಷ ಆಗಿಬಿಟ್ರೆ ಆಮೇಲೆ ಲೆದರ್ ಬಾಲಿಗೆ ಕೈ ಕೂಡೋದು ಕಷ್ಟ. ಹೆಂಗಸರ ಮ್ಯಾಚಿನ ಬಾಲು 140ರಿಂದ 151 ಗ್ರಾಂ, ಗಂಡಸರದ್ದಕ್ಕಿಂತ ಸ್ವಲ್ಪ ಹಗುರ, ಈಗಿಂದ್ಲೇ ಹಿಡಿದ್ರೆ ಅಭ್ಯಾಸ ಆಗುತ್ತೆ. ಹುಡುಗಿಯರಿಗೆ ಅಂಡರ್ 15 ಮಟ್ಟದಿಂದಲೇ ರಾಜ್ಯ ಟೀಮ್ ಇರುತ್ತೆ, ಸೆಲೆಕ್ಷನ್ ಯಾವಾಗ ಅಂತ ಶಿವಮೊಗ್ಗದ ನವುಲೆ ಸ್ಟೇಡಿಯಮ್ಮಲ್ಲಿ ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ವಲಯದೋರನ್ನ ವಿಚಾರಿಸಿ. ದಿನಾ ಬಸ್ಸಲ್ಲಿ ಅಷ್ಟು ದೂರ ಓಡಾಡೋಕೆ ಆಗಲ್ಲ, ನನಗೂ ಗೊತ್ತು, ಶಿವಮೊಗ್ಗದಲ್ಲಿ ನೆಂಟರ ಮನೆ ಇದ್ರೆ ಬೇಸಿಗೆ ರಜಕ್ಕೆ ಕೋಚಿಂಗಿಗೆ ಹಾಕಿ ನೋಡಿ. ಸೇರಿಸೋ ಮುಂಚೆ ಹುಡುಗಿಯರಿಗೆ ಬಟ್ಟೆ ಬದಲಾಯಿಸೋ ರೂಮು, ಟಾಯ್ಲೆಟ್ ಇದೆಯಾ, ಬೇರೆ ಹುಡುಗಿಯರು ಬರ್ತಾರಾ ಅಂತ ನೀವೇ ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ಹೆಲ್ಮೆಟ್ಟು ಅವಳ ತಲೆ ಅಳತೆಗೇ ಇರಲಿ, ಅಣ್ಣಂದಿರದ್ದು ಬೇಡ.

ಯಜಮಾನ್ರು ಬಾಯಿ ಬಿಡಲ್ಲ ಅಂದ್ರಲ್ಲ, ಅವರನ್ನ ಒಂದಿನ ಅಂಗಳದಲ್ಲಿ ಬ್ಯಾಟ್ ಹಿಡಿದು ನಿಲ್ಲೋಕೆ ಹೇಳಿ, ಮಗಳು ಬೌಲಿಂಗ್ ಹಾಕಲಿ.