ನಿಮ್ಮ ಪೆಟ್-ಸಿಟಿ ಲೇಖನದ ಬಗ್ಗೆ

ನಮಸ್ಕಾರ. ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿನ ಹಂತ, ಅಂದರೆ ಅದು ಎಷ್ಟು ಹರಡಿದೆ ಎಂದು ತಿಳಿಯಲು ಪೆಟ್-ಸಿಟಿ ಸ್ಕ್ಯಾನ್ ಹೇಗೆ ನೆರವಾಗುತ್ತದೆ ಎಂದು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಮತ್ತೆ ಕಳಿಸಿ. ಈ ವಿಷಯ ಕನ್ನಡದಲ್ಲಿ ಬರಲೇಬೇಕು.

ಅರ್ಧ ಲೇಖನ ಯಂತ್ರವನ್ನು ಹೊಗಳುವುದರಲ್ಲೇ ಮುಗಿದಿದೆ. ಪೆಟ್, ಸಿಟಿ ಎಂಬ ಎರಡು ಸ್ಕ್ಯಾನ್‌ಗಳ ಬಗ್ಗೆ "ಎರಡೂ ಸೇರಿದರೆ ನಿಖರತೆ ಹೆಚ್ಚುತ್ತದೆ" ಎಂದು ಬರೆದು ಮುಂದೆ ಹೋಗಿದ್ದೀರಿ. ಹೇಗೆ ಹೆಚ್ಚುತ್ತದೆ? ಅಲ್ಲೇ ನಿಂತು ಬರೆಯಬೇಕಿತ್ತು.

ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ಕತ್ತಿನಲ್ಲಿ ಗಂಟು, ಎದೆಯೊಳಗೂ ಗಂಟು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಗಿಂತ ಮೇಲ್ಭಾಗದಲ್ಲೇ ಎರಡೂ ಇವೆ, ಹಾಗಾಗಿ ಎರಡನೇ ಹಂತ. ಹೊಟ್ಟೆಯಲ್ಲಿ ಒಂದು ಸಣ್ಣ ದುಗ್ಧಗ್ರಂಥಿ, ಉದ್ದ 1 ಸೆಂ.ಮೀ. ಸಿಟಿ ನೋಡುವುದು ಗಾತ್ರ, ಆಕಾರ. ಉದ್ದ 1.5 ಸೆಂ.ಮೀ. ದಾಟಿಲ್ಲ ಅಂದರೆ ಅದನ್ನು ಸಾಮಾನ್ಯ ಎಂದೇ ಬಿಟ್ಟುಬಿಡುತ್ತಾರೆ. ಪೆಟ್‌ನಲ್ಲಿ ಅದೇ ಗ್ರಂಥಿ ಜೋರಾಗಿ ಹೊಳೆಯುತ್ತದೆ. ರೋಗಿಗೆ ಚುಚ್ಚಿದ ಎಫ್‌ಡಿಜಿ ಎಂಬ ವಿಕಿರಣಶೀಲ ಸಕ್ಕರೆಯನ್ನು ಅದು ಜಾಸ್ತಿ ಹೀರಿಕೊಂಡಿದೆ. ಪೆಟ್ ಒಂದೇ ಇದ್ದರೆ ಆ ಹೊಳಪು ಗ್ರಂಥಿಯದೋ ಪಕ್ಕದ ಕರುಳಿನದೋ ಹೇಳುವುದು ಕಷ್ಟ. ಸಿಟಿ ಜಾಗ ತೋರಿಸಿಕೊಡುತ್ತದೆ. ವಪೆಯ ಕೆಳಗೂ ರೋಗ ಇದೆ ಎಂದಾದರೆ ಅದು ಮೂರನೇ ಹಂತ, ಚಿಕಿತ್ಸೆಯೂ ಬದಲಾಗಬಹುದು. ಇಡೀ ಲೇಖನವನ್ನು ಈ ಒಂದು ಗ್ರಂಥಿಯ ಸುತ್ತಲೇ ಕಟ್ಟಬಹುದು, ಅಲ್ವಾ?

ಹೊಳೆದದ್ದೆಲ್ಲ ಕ್ಯಾನ್ಸರ್ ಎಂಬ ಅರ್ಥ ಬರುವಂತೆಯೂ ಬರೆದಿದ್ದೀರಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮಿದುಳು ಯಾವಾಗಲೂ ಸಕ್ಕರೆ ಬಳಸುತ್ತದೆ, ಅದು ಹೊಳೆಯುತ್ತದೆ. ಎಫ್‌ಡಿಜಿ ಮೂತ್ರದಲ್ಲಿ ಹೊರಹೋಗುವುದರಿಂದ ಮೂತ್ರಕೋಶವೂ ಹೊಳೆಯುತ್ತದೆ. ಕ್ಷಯ, ಬೇರೆ ಸೋಂಕು, ಉರಿಯೂತ ಇದ್ದ ಜಾಗವೂ ಅಷ್ಟೇ. ಚಳಿಯಾದರೆ ಕತ್ತಿನ ಕಂದು ಕೊಬ್ಬು ಕೂಡ ಹೊಳೆಯಬಹುದು, ಅದಕ್ಕೇ ರೋಗಿಯನ್ನು ಬೆಚ್ಚಗೆ ಇಡುತ್ತಾರೆ. ಇನ್ನು ಕೆಲವು ಬಗೆಯ ಲಿಂಫೋಮಾ ಸರಿಯಾಗಿ ಹೊಳೆಯುವುದೇ ಇಲ್ಲ. ರೋಗ ಲಿಂಫೋಮಾವೇ ಎಂದು ಖಚಿತಪಡಿಸುವುದು ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ. ಈ ಮಾತು ಲೇಖನದಲ್ಲಿ ಎಲ್ಲೂ ಇಲ್ಲ.

ಹಂತ ಗುರುತಿಸುವ 1971ರ ಆನ್ ಆರ್ಬರ್ ಪದ್ಧತಿಯಿಂದ 2014ರ ಲುಗಾನೋ ಪದ್ಧತಿಯವರೆಗಿನ ಇತಿಹಾಸ ಸುಮ್ನೆ ಇಸವಿಗಳ ಪಟ್ಟಿಯಾಗಿದೆ. ಅದರ ಬದಲು ಇದನ್ನು ಹೇಳಿ: ಒಂದು ಕಾಲದಲ್ಲಿ ಹಂತ ತಿಳಿಯುವುದಕ್ಕೆಂದೇ ಹಾಡ್ಕಿನ್ ಎಂಬ ಬಗೆಯ ಲಿಂಫೋಮಾ ಇದ್ದ ರೋಗಿಗಳ ಹೊಟ್ಟೆ ಕೊಯ್ದು ಗುಲ್ಮ ತೆಗೆಯುತ್ತಿದ್ದರು. ಈಗ ಪೆಟ್-ಸಿಟಿ ಮಾಡಿದರೆ ಅವರಿಗೆ ಸಾಮಾನ್ಯವಾಗಿ ಮೂಳೆಮಜ್ಜೆಯ ಬಯಾಪ್ಸಿ ಕೂಡ ಬೇಕಾಗುವುದಿಲ್ಲ. ಓದುಗರ ಮನಸ್ಸಿನಲ್ಲಿ ಉಳಿಯುವುದು ಇದು.

ಕೊನೆಯ ಪ್ಯಾರಾದಲ್ಲಿ "ನಾಲ್ಕನೇ ಹಂತ ಎಂದರೆ ಆಸೆ ಬಿಟ್ಟಂತೆ" ಎಂಬ ಸಾಲಿದೆ. ಅದು ತಪ್ಪು. ಹಾಡ್ಕಿನ್ ಸೇರಿದಂತೆ ಹಲವು ಲಿಂಫೋಮಾಗಳಲ್ಲಿ ನಾಲ್ಕನೇ ಹಂತದಲ್ಲೂ ಪೂರ್ತಿ ಗುಣವಾಗಲೆಂದೇ ಚಿಕಿತ್ಸೆ ಕೊಡುತ್ತಾರೆ, ಎಷ್ಟೋ ಜನ ಗುಣವಾಗುತ್ತಾರೆ. ಸ್ಕ್ಯಾನ್ ವರದಿ ಕೈಯಲ್ಲಿ ಹಿಡಿದವರೇ ನಿಮ್ಮ ಲೇಖನ ಓದಬಹುದು. ಉಳಿದದ್ದನ್ನು ನಿಧಾನಕ್ಕೆ ತಿದ್ದಿ, ಆ ಸಾಲನ್ನು ಮಾತ್ರ ಇವತ್ತೇ ಅಳಿಸಿ.