ರಾಷ್ಟ್ರಪತಿಯೂ ಹಾಲಿನ ಕೆನೆಯೂ

ಸಾಗರದ ಓದುಗರೊಬ್ಬರ ಪತ್ರ: "ಮಗಳು ಐರ್ಲೆಂಡಿನ ಗಾಲ್ವೆಯಲ್ಲಿ ನರ್ಸ್. ಅಲ್ಲಿನ ಬೋರ್ಡುಗಳಲ್ಲಿ ಕಾಣುವ ಐರಿಷ್ ಭಾಷೆಯನ್ನು ಅವಳ ಜೊತೆ ನಾನೂ ಮೊಬೈಲಿನಲ್ಲಿ ಕಲಿಯತೊಡಗಿದೆ. ಸೇಬು, ಬ್ರೆಡ್ಡು, ಹುಡುಗ ಎಂದು ರಾತ್ರಿ ಉರು ಹೊಡೆದದ್ದು ಬೆಳಿಗ್ಗೆ ನೆನಪಿರುವುದಿಲ್ಲ. 'ಹೌದು' ಅನ್ನೋದಕ್ಕಂತೂ ಪದವೇ ಸಿಗಲಿಲ್ಲ. ಇದು ವಯಸ್ಸಿನ ದೋಷವೇ?"

ದೋಷ ವಯಸ್ಸಿನದಲ್ಲ ಸ್ವಾಮಿ, ಪಟ್ಟಿಯದು. ಪದವನ್ನು ಯಾರದಾದರೂ ಬದುಕಿಗೆ ಗಂಟು ಹಾಕಿ ನೋಡಿ. ನಾನಾದರೆ ಡಗ್ಲಸ್ ಹೈಡ್ (1860–1949) ಅವರಿಂದ ಶುರು ಮಾಡುತ್ತೇನೆ. ಪ್ರಾಟೆಸ್ಟಂಟ್ ಪಾದ್ರಿಯ ಮಗ, ಮನೆಮಾತು ಇಂಗ್ಲಿಷ್. ರಾಸ್ಕಾಮನ್ ಸೀಮೆಯ ಹಳ್ಳಿಯಲ್ಲಿ ಬೇಟೆಕಾಡಿನ ಕಾವಲುಗಾರ ಶೇಮಸ್ ಹಾರ್ಟ್, ಅಕ್ಕಪಕ್ಕದ ಮುದುಕ ಮುದುಕಿಯರು, ಇವರೇ ಐರಿಷ್ ಮೇಷ್ಟ್ರುಗಳು. ಆ ಭಾಷೆಯ ಕಾಗುಣಿತ ಬಾರದ ಹುಡುಗ, ಕಿವಿಗೆ ಬಿದ್ದ ಹಾಗೇ ಇಂಗ್ಲಿಷ್ ಕಾಗುಣಿತದಲ್ಲಿ ದಿನಚರಿಯಲ್ಲಿ ಗೀಚಿಕೊಳ್ಳುತ್ತಿದ್ದ. ನೀವು ಕನ್ನಡದಲ್ಲಿ ಗೀಚಿಕೊಳ್ಳಿ, ಸಂಕೋಚ ಬೇಡ.

ಈ ಹುಡುಗನೇ ಮುಂದೆ ಐರಿಷ್ ಭಾಷೆ ಉಳಿಸಲೆಂದು 1893ರಲ್ಲಿ ಶುರುವಾದ ಸಂಘ ಗೇಲಿಕ್ ಲೀಗ್‌ನ ಮೊದಲ ಅಧ್ಯಕ್ಷ, 1938ರಲ್ಲಿ ದೇಶದ ಮೊದಲ ರಾಷ್ಟ್ರಪತಿ. ರಾಷ್ಟ್ರಪತಿಗೆ ಅಲ್ಲಿ 'ಉವಖ್ತರಾನ್' ಅನ್ನುತ್ತಾರೆ. ಅದರೊಳಗಿರುವ 'ಉವಖ್ತರ್' ಎಂದರೆ ಮೇಲ್ಭಾಗ. ಹಾಲಿನ ಮೇಲೆ ಕಟ್ಟುವ ಕೆನೆಗೂ ಅದೇ ಪದ! ಐಸ್‌ಕ್ರೀಮು ಹೆಪ್ಪುಗಟ್ಟಿದ 'ಉವಖ್ತರ್'. ಹೈಡ್ ಸಾಹೇಬರನ್ನು ಒಮ್ಮೆ ಕೆನೆಯ ಮೇಲೆ ಕೂರಿಸಿದಿರೋ, ಮೂರೂ ಪದ ಎಲ್ಲಿಗೂ ಹೋಗವು.

ನೀವು ಮರೆತ 'ಹುಡುಗ' ಅಲ್ಲಿ 'ಬುವಖಿಲ್'. ಮೂಲದಲ್ಲಿ ದನ ಕಾಯುವವನು. 'ಬೋ' ಎಂದರೆ ಹಸು, ಸಂಸ್ಕೃತದ 'ಗೋ' ಶಬ್ದದ ದೂರದ ನೆಂಟ. ರಸ್ತೆಗೆ ಹೇಳುವ 'ಬೋಹರ್' ಕೂಡ ಆ ಹಸುವಿನ ಹಾದಿಯೇ. ಇನ್ನು 'ಮೆಹಲ್' ಎಂಬುದನ್ನು ಮಲೆನಾಡಿನವರಿಗೆ ನಾನು ವಿವರಿಸಬೇಕೆ? ಇವತ್ತು ನಮ್ಮ ಕೊಯ್ಲಿಗೆ ನೀವು, ನಾಳೆ ನಿಮ್ಮ ಕೊಯ್ಲಿಗೆ ನಾವು. ನಮ್ಮ ಮುಯ್ಯಾಳು! (ಪಬ್ಬುಗಳ ಗೋಡೆ ಮೇಲೆ ಮೆರೆಯುವ, ಮೋಜು ಎಂಬರ್ಥದ 'ಕ್ರ್ಯಾಕ್' ಮಾತ್ರ ಐರಿಷ್ ವೇಷ ತೊಟ್ಟ ಇಂಗ್ಲಿಷ್ ಪದ. ಮಗಳಿಗೆ ಹೇಳಿ.)

'ಹೌದು' ಸಿಗಲಿಲ್ಲ ಎಂದಿರಿ. ಹುಡುಕಬೇಡಿ, ಅಂಥ ಪದವೇ ಆ ಭಾಷೆಯಲ್ಲಿಲ್ಲ. ಕೇಳಿದವರ ಕ್ರಿಯಾಪದವನ್ನೇ ಅವರಿಗೆ ವಾಪಸು ಕೊಡಬೇಕು. "ಊಟ ಆಯ್ತಾ?" ಅಂದರೆ ನಿಮ್ಮ ಸಾಗರದಲ್ಲಿ ಏನನ್ನುತ್ತೀರಿ? "ಆಯ್ತು" ತಾನೆ?

– ಸಂ.