ಹಲಗೆ ಹೊಡೆಯುವ ಮೊದಲು ಕೆಳಗಿನ ಪಸೆ ನೋಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮರಗೆಲಸದ ಕೋಣೆಯ ನೆಲ

ಪ್ರಶ್ನೆ: ನನ್ನ ಮರಗೆಲಸದ ಕೋಣೆಗೆ ಕಾಂಕ್ರೀಟ್ ನೆಲ. ದಿನವಿಡೀ ನಿಂತರೆ ಕಾಲು ಸೆಳೆಯುತ್ತದೆ, ಉಳಿ ಕೈಜಾರಿ ಬಿದ್ದರೆ ಬಾಯಿ ಮುರಿಯುತ್ತದೆ. ಅದರ ಮೇಲೆ ಮರದ ನೆಲ ಎತ್ತಬೇಕೆಂದಿದ್ದೇನೆ. ಎಷ್ಟು ದಪ್ಪದ ಪ್ಲೈವುಡ್ ಹಾಕಲಿ?

ಉತ್ತರ: 18 ಎಂಎಂ. ಕೇಳುವವರೆಲ್ಲ ಇದನ್ನೇ ಕೇಳುತ್ತಾರೆ, ಪ್ಲೈವುಡ್ಡಿನ ಅಡಿಯಲ್ಲಿ ಏನಿರಬೇಕು ಎಂದು ಯಾರೂ ಕೇಳುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಅವರದೇ ಇನ್ನೊಂದು ಪ್ರಶ್ನೆ ಬರುತ್ತದೆ: ನೆಲ ಯಾಕೆ ಉಬ್ಬಿದೆ, ಮೂಲೆಯಲ್ಲಿ ಬೂಷ್ಟು ವಾಸನೆ ಯಾಕೆ?

ಕಾಂಕ್ರೀಟ್ ಕಣ್ಣಿಗೆ ಒಣಗಿದಂತೆ ಕಂಡರೂ ಮಣ್ಣಿನ ತೇವ ಅದರೊಳಗಿಂದ ಆವಿಯಾಗಿ ಮೇಲೇಳುತ್ತಲೇ ಇರುತ್ತದೆ. ತೆರೆದ ನೆಲದಲ್ಲಿ ಅದು ಗಾಳಿಗೆ ಹೋಗುತ್ತದೆ. ಮೇಲೆ ಮರ ಮುಚ್ಚಿದರೆ ಮರಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ಪರೀಕ್ಷೆ. ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ. 16 ಗಂಟೆ ಸಾಕು ಎನ್ನುತ್ತಾರೆ, ನೀವು ಮೂರು ದಿನ ಬಿಡಿ. ಹಾಳೆಯ ಅಡಿಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅಷ್ಟು ಜಾಗದ ಕಾಂಕ್ರೀಟ್ ಕಪ್ಪಿಟ್ಟಿದ್ದರೆ ಪಸೆ ಕೆಳಗಿನದು. ಹನಿ ಮೇಲ್ಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯದು. ಒಂದು ಕಡೆ ಮಾತ್ರ ನೋಡಬೇಡಿ. ಹೊರಗೋಡೆಯ ಪಕ್ಕ, ನಡುಮಧ್ಯ, ಬಾಗಿಲ ಬಳಿ, ಹೀಗೆ ಮೂರು ಕಡೆ ಹಾಸಿ. ಆವಿಯಷ್ಟೇ ಆದರೆ ತಡೆಯಬಹುದು. ನೀರೇ ಜಿನುಗುತ್ತಿದ್ದರೆ ಮರದ ಮಾತು ಬಿಡಿ, ಹೊರಗಿನ ನೀರು ಹರಿದು ಹೋಗುವ ದಾರಿಯನ್ನು ಮೊದಲು ಸರಿಮಾಡಿ.

ಹೊಸ ಕಾಂಕ್ರೀಟಾದರೆ "28 ದಿನ ಕಳೆಯಿತು, ಇನ್ನು ಹಾಕಬಹುದು" ಎನ್ನುವ ಗುತ್ತಿಗೆದಾರರ ಮಾತಿಗೆ ಕಿವಿಗೊಡಬೇಡಿ. ಆ 28 ದಿನ ಗಟ್ಟಿಯಾಗುವ ಲೆಕ್ಕ, ಒಣಗುವ ಲೆಕ್ಕವಲ್ಲ. ಒಣಗಲು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕು. ಅಂದರೆ 4 ಇಂಚಿನ ನೆಲಕ್ಕೆ ನಾಲ್ಕು ತಿಂಗಳು.

ನೆಲ ಗುಡಿಸಿ, ಚೂಪು ಉಬ್ಬುಗಳನ್ನು ಉಜ್ಜಿ ತೆಗೆದು, 150 ಮೈಕ್ರಾನ್ ಅಥವಾ ಅದಕ್ಕಿಂತ ದಪ್ಪನೆಯ ಪಾಲಿಥಿನ್ ಹಾಸಿ. ಹಾಳೆಯ ಮೇಲೆ ಹಾಳೆ ಒಂದು ಅಡಿ ಬರಲಿ, ಸೇರುವಲ್ಲಿ ಟೇಪ್ ಇರಲಿ, ಗೋಡೆಗೆ ನಾಲ್ಕು ಇಂಚು ಮಡಚಿ ಏರಿಸಿ. ಹಾಳೆಯ ಜಾಗ ಕಾಂಕ್ರೀಟ್ ಮತ್ತು ರೀಪರ್ (ಪ್ಲೈವುಡ್ ಹೊರುವ ಮರದ ಪಟ್ಟಿ) ನಡುವೆ. ರೀಪರಿನ ಮೇಲೆ, ಪ್ಲೈವುಡ್ಡಿನ ಕೆಳಗೆ ಹಾಸಿದರೆ ಪ್ಲೈವುಡ್ ಉಳಿದೀತು, ರೀಪರ್ ಮಾತ್ರ ತೇವದಲ್ಲೇ ಕೂತು ಲಡ್ಡು ಹಿಡಿಯುತ್ತದೆ. ಎರಡೂ ಕಡೆ ಹಾಸುವ ಜಾಣರೂ ಇದ್ದಾರೆ. ಒಳಗೆ ಸಿಕ್ಕ ನೀರಿಗೆ ಆಗ ಹೊರಬರುವ ದಾರಿಯೇ ಇಲ್ಲ.

ರೀಪರ್ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲದ್ದು, ಲಡ್ಡು, ಗೆದ್ದಲು ತಡೆಯುವ ಔಷಧಿಯನ್ನು ಒತ್ತಡದಲ್ಲಿ ಕುಡಿಸಿದ್ದು, ಅಗಲದ ಮೈ ಕೆಳಗಾಗಿ ಮಲಗಿರಲಿ. ಕೊಯ್ದ ತುದಿಗಳಿಗೆ ಮತ್ತೆ ಔಷಧಿ ಬಳಿಯಿರಿ, ಕೊಯ್ದಲ್ಲಿ ಔಷಧಿ ತಾಗದ ಒಳಮರ ಬಾಯಿ ತೆರೆದಿರುತ್ತದೆ. ತುಂಡುಗಳನ್ನು ಒಲೆಗೆ ಹಾಕಬೇಡಿ, ಹೊಗೆ ವಿಷ. ಔಷಧಿಯ ತಾಮ್ರ ಸಾದಾ ಕಬ್ಬಿಣವನ್ನು ತಿನ್ನುವುದರಿಂದ ಬಿಸಿ ಸತು ಲೇಪದ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಬೇಕು.

ಇನ್ನು ಎಲ್ಲರೂ ಎಡವುವ ಅಳತೆ. ರೀಪರುಗಳ ನಡುವಿನಿಂದ ನಡುವಿಗೆ 16 ಇಂಚು. 8 ಅಡಿ ಹಲಗೆಗೆ ಇದು ಸರಿಯಾಗಿ ಆರು ಭಾಗ. ಮೊದಲ ರೀಪರಿನ ಹೊರ ಅಂಚು ಹಲಗೆಯ ಅಂಚಿಗೆ ಸಮ ಇರುತ್ತದೆ. ಎರಡನೆಯದರ ನಡುವನ್ನು ಆ ಅಂಚಿನಿಂದ 16 ಇಂಚಿಗೆ ಗುರುತಿಸಬೇಕು, ಮೊದಲ ರೀಪರಿನ ನಡುವಿನಿಂದಲ್ಲ. ನಡುವಿನಿಂದ ಅಳೆದರೆ ಸಾಲೆಲ್ಲ ಒಂದೂಮುಕ್ಕಾಲು ಇಂಚು ಮುಂದೆ ಸರಿಯುತ್ತದೆ. 96 ಇಂಚಿಗೆ ಮುಗಿಯುವ ಹಲಗೆಯ ತುದಿ ಆಗ ಏಳನೆಯ ರೀಪರಿನ ಅಂಚಿಗೆ ಬರೀ ತಾಗಿ ನಿಲ್ಲುತ್ತದೆ, ಸ್ಕ್ರೂ ಹಿಡಿಯಲು ಮರವೇ ಇರುವುದಿಲ್ಲ.

ಮಟ್ಟಕ್ಕೆ ದಾರ ಕಟ್ಟಿ, 6 ಅಡಿ ಉದ್ದದ ನೇರ ಪಟ್ಟಿಯ ಮೇಲೆ ಮಟ್ಟಗೋಲು ಇಟ್ಟು ನೋಡಿ. ತಗ್ಗಿರುವಲ್ಲಿ ಅಡಿಗೊಂದು ಬೆಣೆ ಕೊಡಿ. ಬೆಣೆ ಪ್ಲಾಸ್ಟಿಕ್ಕಿನದೋ ಔಷಧಿ ಕುಡಿಸಿದ ಮರದ್ದೋ ಆಗಲಿ. ರಟ್ಟು, ಮೆದು ಮರದ ಸೀಳು ಆರು ತಿಂಗಳಲ್ಲಿ ಅಮುಕಿಕೊಂಡು ನೆಲ ಕಿರುಗುಟ್ಟಲು ಶುರು. ಬೆಣೆ ಜಾರದಂತೆ ಸ್ಕ್ರೂ ಹಾಕಿ ರೀಪರಿಗೆ ಹಿಡಿಸಿ. ರೀಪರನ್ನು ಕಾಂಕ್ರೀಟಿಗೆ ಬಿಗಿಯುವುದಾದರೆ ಅಗತ್ಯದ ಕಡೆ ಮಾತ್ರ. ಪ್ರತಿ ತೂತೂ ಪಾಲಿಥಿನ್ನಿಗೊಂದು ಕಿಂಡಿ. ನೆಲದೊಳಗೆ ಬಿಸಿನೀರಿನ ಪೈಪೋ ಕಾಂಕ್ರೀಟನ್ನು ಬಿಗಿದು ಹಿಡಿಯುವ ಉಕ್ಕಿನ ತಂತಿಯೋ ಇದ್ದರೆ ಡ್ರಿಲ್ ಮುಟ್ಟಲೇಬೇಡಿ.

ರೀಪರುಗಳ ನಡುವೆ ಒಂದೂವರೆ ಇಂಚಿನ ಗಟ್ಟಿ ಫೋಮ್ ಹಲಗೆ ತುಂಬಿದರೆ ಟೊಳ್ಳು ಸದ್ದು ಹೋಗುತ್ತದೆ. ಪ್ಲೈವುಡ್ಡನ್ನು ರೀಪರಿಗೆ ಅಡ್ಡಲಾಗಿ, ಇಟ್ಟಿಗೆ ಕಟ್ಟಿದಂತೆ ಪ್ರತಿ ಸಾಲಿಗೆ 4 ಅಡಿ ಸರಿಸಿ ಹಾಸಿ. ಹಲಗೆಗಳ ನಡುವೆ 3 ಎಂಎಂ, ಗೋಡೆಯ ಬಳಿ ಅರ್ಧ ಇಂಚು ಸಂದು ಬಿಡಿ, ಮಳೆಯ ದಿನಗಳಲ್ಲಿ ಮರ ಅರಳಲು ಜಾಗ ಬೇಡವೇ? ಒಂದರ ಅಂಚು ಇನ್ನೊಂದರ ಅಂಚಿನೊಳಗೆ ಕೂರುವ ನಾಲಿಗೆ-ತೋಡಿನ ಹಲಗೆ ಸಿಗದಿದ್ದರೆ ಉದ್ದ ಅಂಚುಗಳ ಅಡಿಗೆ ಅಡ್ಡ ತುಂಡು ಕೊಡಿ. 2 ಇಂಚಿನ ಸ್ಕ್ರೂ, ಅಂಚಿನಲ್ಲಿ 6 ಇಂಚಿಗೊಂದು, ನಡುವೆ 12 ಇಂಚಿಗೊಂದು. ಅಂಟು ಬೇಡ, ಮೊಳೆಯೂ ಬೇಡ. ನಾಳೆ ಗರಗಸಕ್ಕೆ ವೈರ್ ಎಳೆಯಲು ಒಂದು ಹಲಗೆ ಬಿಚ್ಚಬೇಕಾದೀತು.

ಪ್ರಶ್ನೆ: ರೀಪರಿಗೆ ಸುಟ್ಟ ಇಂಜಿನ್ ಆಯಿಲ್ ಬಳಿದರೆ ಗೆದ್ದಲು ಬರುವುದಿಲ್ಲವಂತೆ?

ಉತ್ತರ: ಸುಮ್ಮನಿರಿ. ಹೊಟ್ಟು, ಕಿಡಿ ಎರಡೂ ಇರುವ ಕೋಣೆಯಲ್ಲಿ ನೆಲದಡಿಗೆ ಎಣ್ಣೆ ಕುಡಿಸುವವರಿಗೆ ಗೆದ್ದಲೇ ದೊಡ್ಡ ಭಯವೇ? ಮರದ ಮೇಲ್ಮೈಗಷ್ಟೇ ಇಳಿಯುತ್ತದೆ, ವರ್ಷಗಟ್ಟಲೆ ನಾರುತ್ತದೆ, ಚರ್ಮಕ್ಕೂ ಕೆಟ್ಟದ್ದು. ನೆಲದಡಿಗೆ ಉಪ್ಪು ಚೆಲ್ಲಿ ಎನ್ನುವವರೂ ಇದ್ದಾರೆ. ಉಪ್ಪು ನೀರನ್ನು ಎಳೆದುಕೊಂಡು ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ಪ್ಲೈವುಡ್ ಬದಲು ಪಾರ್ಟಿಕಲ್ ಬೋರ್ಡ್ ಹಾಕಬಹುದೇ?

ಉತ್ತರ: ಬೇಡ. ಒಮ್ಮೆ ನೀರು ಕುಡಿದು ಊದಿದರೆ ಮತ್ತೆ ಇಳಿಯುವುದಿಲ್ಲ.

ಪ್ರಶ್ನೆ: ಎರಡು ಕ್ವಿಂಟಲ್ ತೂಕದ ಟೇಬಲ್ ಗರಗಸವನ್ನು ಈ ನೆಲ ಹೊರುತ್ತದೆಯೇ?

ಉತ್ತರ: ಹೊರುತ್ತದೆ, ಕಾಲುಗಳು ರೀಪರಿನ ಮೇಲೆ ಬಂದರೆ. ಯಂತ್ರದ ಜಾಗ ಮೊದಲೇ ಗುರುತಿಸಿಕೊಂಡು ಅಲ್ಲಿ ರೀಪರುಗಳನ್ನು 8 ಇಂಚಿಗೆ ಹತ್ತಿರ ಮಾಡಿ.

ಪ್ರಶ್ನೆ: ನೆಲಕ್ಕೆ ಮೇಣ ಹಾಕಿ ಹೊಳಪು ಕೊಡಲೇ?

ಉತ್ತರ: ಮೇಣದ ಮೇಲೆ ಸಣ್ಣ ಹೊಟ್ಟು ಬಿದ್ದರೆ ಕಾಲು ಜಾರುತ್ತದೆ, ಅದೂ ತಿರುಗುವ ಗರಗಸದ ಎದುರು. ಹೊಳಪಿಲ್ಲದ ಪಾಲಿಯುರೆಥೇನ್ ಎರಡು ಕೈ ಸಾಕು.

ಪ್ರಶ್ನೆ: ಹೊಟ್ಟು ಎಳೆಯುವ 4 ಇಂಚಿನ ಪೈಪನ್ನು ನೆಲದಡಿ ಒಯ್ಯಬಹುದೇ?

ಉತ್ತರ: ಒಂದೂವರೆ ಇಂಚಿನ ಸಂದಿನಲ್ಲಿ ಹೇಗೆ? ಅದಕ್ಕಾಗಿ ನೆಲವನ್ನು ಆರು ಇಂಚು ಎತ್ತಿದರೂ ಕಟ್ಟಿಕೊಂಡ ಪೈಪು ಬಿಡಿಸಲು ಹಲಗೆ ಕೀಳಬೇಕು. ಛಾವಣಿಗೆ ನೇತುಹಾಕಿ. ಮಲಗಿಸಿದ ರೀಪರಿನ ನೆಲವೇ ಎರಡೂಕಾಲು ಇಂಚು ಏರುತ್ತದೆ. ಒಳಕ್ಕೆ ತೆರೆಯುವ ಬಾಗಿಲ ಅಡಿ ಕೊಯ್ಯಬೇಕಾದೀತು, 8 ಅಡಿ ಹಲಗೆಯನ್ನು ನೆಟ್ಟಗೆ ನಿಲ್ಲಿಸಲು ಮೇಲೆ ಜಾಗ ಉಳಿಯುತ್ತದೆಯೇ ಎಂಬುದನ್ನೂ ಮರ ತರುವ ಮೊದಲೇ ಅಳೆದುಕೊಳ್ಳಿ.